ರೈಲು ಸುರಂಗದ ಪಕ್ಕದಲ್ಲಿ ಗುಂಡಿ ತೋಡುವುದು: ನನ್ನ ಅನುಭವ

ನೆಲದಡಿ ರೈಲು ಓಡುವ ಜಾಗದ ಪಕ್ಕ ಕಟ್ಟಡ ಕಟ್ಟಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಮಹಡಿಗೆ ಒಪ್ಪಿಗೆ ಸಿಗಬಹುದು? ನನ್ನ ಕೆಲಸ ಮಣ್ಣು ಮತ್ತು ಪಾಯದ ಎಂಜಿನಿಯರಿಂಗ್. ನಾನು ಮೊದಲು ಕೇಳುವುದು ಬೇರೆ. ಎಷ್ಟು ಆಳ ತೋಡುತ್ತೀರಿ?

ಲೆಕ್ಕ ಸರಳ. ಒಂದು ಘನ ಮೀಟರ್ ಮಣ್ಣು ಸುಮಾರು 1.8ರಿಂದ 2 ಟನ್ ತೂಗುತ್ತದೆ. ಮೂರು ಬೇಸ್‌ಮೆಂಟಿಗೆ 10 ಮೀಟರ್ ತೋಡಿದರೆ ಪ್ರತಿ ಚದರ ಮೀಟರಿನ ಮೇಲಿಂದ 18ರಿಂದ 20 ಟನ್ ಭಾರ ಎತ್ತಿದ ಹಾಗೆ. ಮಾಮೂಲಿ ಕಾಂಕ್ರೀಟ್ ಕಟ್ಟಡದ ಒಂದು ಮಹಡಿ ಚದರ ಮೀಟರಿಗೆ ಹೆಚ್ಚೂಕಡಿಮೆ 1ರಿಂದ 1.2 ಟನ್ ಬರುತ್ತದೆ. ಅಂದರೆ ಆ ಗುಂಡಿ ಹದಿನೈದು ಮಹಡಿಗಿಂತ ಜಾಸ್ತಿ ಭಾರಕ್ಕೆ ಸಮ. ಕಟ್ಟಡ ನಿಧಾನವಾಗಿ, ಮಹಡಿ ಮಹಡಿಯಾಗಿ ಏರುತ್ತದೆ. ಗುಂಡಿ ಮಾತ್ರ ಕೆಲವೇ ವಾರಗಳಲ್ಲಿ ಆಗಿಬಿಡುತ್ತದೆ. ಸುರಂಗ ಅಲುಗಾಡುವುದು ಆಗಲೇ.

ನಾನು ಇಲ್ಲಿ ಹೇಳುತ್ತಿರುವುದು ಅಂಥದ್ದೇ ಒಂದು ಕೆಲಸದ ಬಗ್ಗೆ. ಮೂರು ಬೇಸ್‌ಮೆಂಟ್. ಪಕ್ಕದಲ್ಲೇ ಎರಡು ಸುರಂಗಗಳು, ಒಂದು ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ನಿವೇಶನದ ಒಂದು ಮೂಲೆಯಲ್ಲಿ, ಕಾರುಗಳು ಇಳಿಯುವ ರ‍್ಯಾಂಪ್ ಇರುವ ಕಡೆ, ಗುಂಡಿ ಸುರಂಗದ ನೆತ್ತಿಯ ಮೇಲೇ ಬರುತ್ತಿತ್ತು. ಸುರಂಗ ಮಾಮೂಲಿ ಬಗೆಯದು. ಯಂತ್ರ ಕೊರೆಯುತ್ತಾ ಹೋದಂತೆ ಹಿಂದೆ ಕಾಂಕ್ರೀಟ್ ತುಂಡುಗಳನ್ನು ಬಳೆಯ ಹಾಗೆ ಜೋಡಿಸಿದ್ದು. ಹೊರವ್ಯಾಸ 6.3 ಮೀಟರ್, ದಪ್ಪ 275 ಮಿ.ಮೀ.

ಮೊದಲ ಕೆಲಸ ಸುರಂಗ ಎಲ್ಲಿದೆ ಅಂತ ನೋಡುವುದು. ಇದನ್ನು ಕೇಳಿ ನಗುವವರಿದ್ದಾರೆ. ನಕಾಶೆಯಲ್ಲೇ ಇದೆಯಲ್ಲ ಅಂತ. 2013ರ ಮಾರ್ಚ್ 8ರಂದು ಲಂಡನ್ನಿನ ಓಲ್ಡ್ ಸ್ಟ್ರೀಟ್ ನಿಲ್ದಾಣದ ಹತ್ತಿರ ಪೈಲ್ (ಪಾಯಕ್ಕೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಕೊರೆಯುವ ಯಂತ್ರದ ಆಗರ್, ಅಂದರೆ ತಿರುಪಿನಂಥ ಬೈರಿಗೆ, ನೇರವಾಗಿ ರೈಲು ಸುರಂಗದ ಒಳಗೇ ಇಳಿದಿತ್ತು. ಮೇಲೆ ಕೆಲಸ ಮಾಡುತ್ತಿದ್ದವರಿಗೆ ಕೆಳಗೆ ಸುರಂಗ ಇದೆ ಅನ್ನುವುದೇ ಗೊತ್ತಿರಲಿಲ್ಲ. ಅವರು ನೋಡಿದ್ದ ನಕಾಶೆಯಲ್ಲಿ ಅದು ಇರಲೇ ಇಲ್ಲ. ಸುರಂಗದಲ್ಲಿ ನೀರು ಸುರಿಯುತ್ತಿದೆ ಅಂತ ರೈಲಿನ ಚಾಲಕ ತಿಳಿಸಿದ ಮೇಲೆ ವಿಷಯ ಹೊರಬಂತು. ಯಾರಿಗೂ ಪೆಟ್ಟಾಗಲಿಲ್ಲ. ಆ ಮಾರ್ಗ 1904ರಿಂದ ಅಲ್ಲೇ ಇದೆ!

ನಕಾಶೆ ಸರಿಯಿದ್ದರೂ ಸಾಲದು. ವಿನ್ಯಾಸದ ಗೆರೆ ಬೇರೆ, ಯಂತ್ರ ನಿಜಕ್ಕೂ ಕೊರೆದ ದಾರಿ ಬೇರೆ. ಹಾಗಾಗಿ ನಾವು ರಾತ್ರಿ ರೈಲು ನಿಂತ ಮೇಲೆ ಒಳಗೆ ಹೋಗಿ ಲೇಸರ್ ಸ್ಕ್ಯಾನ್ ಮಾಡಿಸಿದೆವು. ಸ್ಥಾನದ ಜೊತೆಗೆ ಆಕಾರವೂ ಸಿಗುತ್ತದೆ. ಹೊಸದರಲ್ಲೇ ಯಾವ ಬಳೆಯೂ ಪೂರ್ತಿ ದುಂಡಗಿರುವುದಿಲ್ಲ. ಮಣ್ಣಿನ ಭಾರಕ್ಕೆ ಸ್ವಲ್ಪ ಚಪ್ಪಟೆಯಾಗಿಯೇ ಇರುತ್ತದೆ. ಹಳೆಯ ಬಿರುಕು, ನೀರಿನ ಒಸರು, ಅಂಚು ಒಡೆದ ತುಂಡು, ಎಲ್ಲದಕ್ಕೂ ಫೋಟೊ ತೆಗೆದು ಬಳೆಯ ನಂಬರ್ ಹಾಕಿ ದಾಖಲಿಸಿದೆವು. ರೈಲಿನವರೂ ನಾವೂ ಅದರ ಕೆಳಗೆ ಒಟ್ಟಿಗೆ ಸಹಿ ಹಾಕಿದೆವು. ಆಮೇಲೆ ಯಾವ ಬಿರುಕು ಯಾರದು ಅಂತ ಜಗಳ ಬರುವುದು ಖಂಡಿತ. ಆ ಸಹಿ ಆಗ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ಮಣ್ಣು ಪರೀಕ್ಷೆಗೆ ಬೋರ್‌ಹೋಲ್ ಹಾಕುವುದಕ್ಕೂ ರೈಲಿನವರ ಒಪ್ಪಿಗೆ ಬೇಕು. ಸಣ್ಣ ರಂಧ್ರ ತಾನೇ ಅನ್ನಿಸಬಹುದು. ಆದರೆ ಸುರಂಗಕ್ಕೆ ತೂತು ಬೀಳಲು ಸಣ್ಣ ರಂಧ್ರವೇ ಸಾಕು. ಪರೀಕ್ಷೆ ಮುಗಿದ ಮೇಲೆ ಅದನ್ನು ಸಿಮೆಂಟ್ ಗ್ರೌಟ್ ತುಂಬಿ ಮುಚ್ಚಬೇಕು. ಸುಮ್ನೆ ಮಣ್ಣು ತಳ್ಳಿ ಬಿಟ್ಟರೆ ಅದೇ ನೀರಿಗೆ ದಾರಿಯಾಗುತ್ತದೆ.

ಈಗ ನಿಯಮಗಳ ವಿಷಯ. ಊರಿಂದೂರಿಗೆ ಅಂಕಿ ಬದಲಾಗುತ್ತದೆ, ಯೋಚನೆ ಮಾತ್ರ ಒಂದೇ. ಸುರಂಗದ ಸುತ್ತ ಯಾರೂ ಏನೂ ಮಾಡಬಾರದ ಒಂದು ವಲಯ. ಅದರಾಚೆ ಕೇಳಿ ಮಾಡಬೇಕಾದ ಒಂದು ವಲಯ. ಹಾಂಗ್‌ಕಾಂಗಿನಲ್ಲಿ ರೈಲಿನ ರಚನೆಯಿಂದ 3 ಮೀಟರ್ ಒಳಗೆ ಪೈಲ್, ಬೋರ್‌ಹೋಲ್ ಯಾವುದೂ ಬರುವಂತಿಲ್ಲ. ಸುರಂಗ ಯಾವ ದಿಕ್ಕಿನಲ್ಲೂ 20 ಮಿ.ಮೀ.ಗಿಂತ ಜಾಸ್ತಿ ಸರಿಯಬಾರದು. ಹಳಿಯ ಬಾಗು 1000ಕ್ಕೆ 1ನ್ನು ಮೀರಬಾರದು. ಕಂಪನದ ವೇಗಕ್ಕೂ ಮಿತಿಯಿದೆ. ಸುರಂಗದ ಮೇಲಿನ ಒತ್ತಡದಲ್ಲಿ ಆಗುವ ಬದಲಾವಣೆ 20 ಕಿಲೋಪಾಸ್ಕಲ್ ಒಳಗಿರಬೇಕು. ಸಿಂಗಪುರದಲ್ಲಿ ಸರಿಯುವಿಕೆಯ ಮಿತಿ ಇನ್ನೂ ಬಿಗಿ, 15 ಮಿ.ಮೀ.

ಆ 20 ಕಿಲೋಪಾಸ್ಕಲ್ ಅನ್ನುವುದು ಎಷ್ಟು ಗೊತ್ತಾ? ಒಂದು ಮೀಟರ್ ಮಣ್ಣಿನ ತೂಕ, ಅಷ್ಟೇ. ಸುರಂಗದ ನೆತ್ತಿಯ ಮೇಲೆ ವಿಶಾಲ ಜಾಗದಲ್ಲಿ ಒಂದು ಮೀಟರ್ ಆಳ ತೋಡಿದರೆ ಮಿತಿ ಮುಗಿದ ಹಾಗೆ. ಇದನ್ನು ತೋರಿಸಿದ ಮೇಲೆ ನಮ್ಮ ಆರ್ಕಿಟೆಕ್ಟ್ ರ‍್ಯಾಂಪನ್ನು ನಿವೇಶನದ ಇನ್ನೊಂದು ಬದಿಗೆ ತಿರುಗಿಸಿಕೊಟ್ಟರು. ಕೆಲವು ಕಾರುಗಳ ಜಾಗ ಹೋಯಿತು, ಮಾಲೀಕರು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದರು.

ಆ ಮೂಲೆಯ ಬಗ್ಗೆ ನಾನು ಹಟ ಹಿಡಿಯಲು ಇನ್ನೊಂದು ಕಾರಣವಿತ್ತು. ಅಂತರ್ಜಲದೊಳಗೆ ಇರುವ ಸುರಂಗ ತೇಲಲು ನೋಡುತ್ತದೆ. 6.3 ಮೀಟರ್ ವ್ಯಾಸದ ಕೊಳವೆ ಉದ್ದಕ್ಕೆ ಒಂದೊಂದು ಮೀಟರಿಗೂ ಸುಮಾರು 31 ಟನ್ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ. ಬಳೆಯ ಸ್ವಂತ ತೂಕ ಸುಮಾರು 13 ಟನ್. ಉಳಿದ 18 ಟನ್ನಿನಷ್ಟು ಮೇಲ್ಮುಖ ಬಲವನ್ನು ಅದುಮಿ ಹಿಡಿದಿರುವುದು ಹಳಿಯಡಿಯ ಕಾಂಕ್ರೀಟ್ ಮತ್ತು ಮೇಲಿನ ಮಣ್ಣು. ನೀರಲ್ಲಿ ಮುಳುಗಿದ ಮಣ್ಣಿಗೆ ಅರ್ಧಕ್ಕರ್ಧ ತೂಕ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಆ ಮಣ್ಣನ್ನೇ ತೆಗೆದರೆ ಏನಾಗುತ್ತದೆ, ಯಾರೂ ಹೇಳಬೇಕಿಲ್ಲ.

ಪಕ್ಕದ ಗುಂಡಿಯ ಕಥೆ ಬೇರೆ. ಅಲ್ಲಿ ಸುರಂಗ ಗುಂಡಿಯ ಕಡೆಗೆ ವಾಲುತ್ತದೆ. ಬಳೆ ಆ ಕಡೆಗೆ ಹಿಗ್ಗಿ, ನೆತ್ತಿ ಸ್ವಲ್ಪ ಕುಸಿಯುತ್ತದೆ. ಕಾಂಕ್ರೀಟ್ ಒಡೆಯುವುದಕ್ಕಿಂತ ಮುಂಚೆ ತುಂಡುಗಳ ಸಂದಿ ಬಾಯಿ ಬಿಡುತ್ತದೆ, ನೀರು ಒಸರುತ್ತದೆ. ಕಂಪ್ಯೂಟರ್ ಮಾದರಿಯಲ್ಲಿ ಬಳೆಯನ್ನು ಒಂದೇ ಎರಕದ ಕೊಳವೆಯಂತೆ ತೋರಿಸುವವರನ್ನು ನೋಡಿದ್ದೇನೆ. ಅದು ತಪ್ಪು. ಸಂದಿಗಳಿಂದಾಗಿ ಬಳೆ ಬಾಗುವುದು ಸುಲಭವಾಗುತ್ತದೆ. ಬ್ರಿಟನ್ನಿನ ಸುರಂಗ ಎಂಜಿನಿಯರ್ ಮ್ಯೂರ್ ವುಡ್ 1975ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ. ಅದರ ಪ್ರಕಾರ ಆರು ತುಂಡಿನ ಬಳೆಯ ಬಿಗಿತ ಪೂರ್ತಿ ಕೊಳವೆಯದರ ಅರ್ಧಕ್ಕಿಂತ ಕಡಿಮೆ. ಹಾಗೆಯೇ ಮಾದರಿಯಲ್ಲಿ ಮೊದಲು ಸುರಂಗ ಕೊರೆಯುವ ಹಂತ ಬರಬೇಕು, ಆಮೇಲೆ ಗೋಡೆ, ಆಮೇಲೆ ಗುಂಡಿ, ಕೊನೆಗೆ ಕಟ್ಟಡ. ಕೊನೆಯ ಹಂತದ ಅಂಕಿ ಮಾತ್ರ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಯಾಕಂದರೆ ಅಷ್ಟು ಹೊತ್ತಿಗೆ ಕಟ್ಟಡದ ಭಾರ ಬಂದು ಸುರಂಗವನ್ನು ಸ್ವಲ್ಪ ವಾಪಸ್ ತಳ್ಳಿರುತ್ತದೆ. ನಮ್ಮಲ್ಲಿ ಕೆಟ್ಟ ಹಂತ ಬಂದದ್ದು ತಳ ತಲುಪಿ ರಾಫ್ಟ್ (ಕಟ್ಟಡದಡಿಯ ದಪ್ಪ ಕಾಂಕ್ರೀಟ್ ಹಾಸು) ಹಾಕುವ ಮುಂಚೆ.

ಗುಂಡಿಯ ಸುತ್ತ ಡಯಾಫ್ರಾಮ್ ಗೋಡೆ, ಅಂದರೆ ತೋಡುವ ಮುಂಚೆಯೇ ನೆಲದೊಳಗೆ ಎರೆಯುವ ಕಾಂಕ್ರೀಟ್ ಗೋಡೆ, ಹಾಕಿದೆವು. ಗೋಡೆ ಬಾಗದಂತೆ ಮಾಮೂಲಿಯಾಗಿ ಹೊರಗಿನ ಮಣ್ಣಿಗೆ ಆಂಕರ್, ಅಂದರೆ ಗೋಡೆಯನ್ನು ಎಳೆದು ಹಿಡಿಯುವ ಉಕ್ಕಿನ ಕಂಬಿ, ಕೊರೆದು ಹಾಕುತ್ತಾರೆ. ಇಲ್ಲಿ ಹೊರಗಡೆ ಇರುವುದೇ ಸುರಂಗ, ಹಾಗಾಗಿ ಆ ಮಾತೇ ಇಲ್ಲ. ಉಕ್ಕಿನ ತೊಲೆಗಳನ್ನು, ಅಂದರೆ ಸ್ಟ್ರಟ್‌ಗಳನ್ನು ಅಡ್ಡ ಕೊಟ್ಟು, ಜ್ಯಾಕ್ ಹಾಕಿ ಮೊದಲೇ ಒತ್ತಡ ತುಂಬಿದೆವು. ಗೋಡೆಯ ಬುಡ ಗುಂಡಿಯ ತಳಕ್ಕಿಂತ ತುಂಬಾ ಕೆಳಗೆ, ನೀರು ಬಿಡದ ಗಟ್ಟಿ ಪದರದವರೆಗೆ ಇಳಿಯಿತು. ಅದು ಬಲಕ್ಕಿಂತ ಜಾಸ್ತಿ ನೀರಿಗಾಗಿ. ಗುಂಡಿಯಲ್ಲಿ ಪಂಪ್ ಹಚ್ಚಿದಾಗ ಹೊರಗಿನ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಮಣ್ಣಿನ ಮೇಲೆ ಸುಮಾರು 10 ಕಿಲೋಪಾಸ್ಕಲ್ ಭಾರ ಹೆಚ್ಚಾಗುತ್ತದೆ. ಜೇಡಿಮಣ್ಣಾದರೆ ಅದು ನಿಧಾನವಾಗಿ ಕುಗ್ಗುತ್ತದೆ, ಸುರಂಗವೂ ಜೊತೆಗೆ ಕೂರುತ್ತದೆ.

ಪೈಲ್‌ಗಳಲ್ಲಿ ಬಡಿದು ಇಳಿಸುವ ಬಗೆಯನ್ನು ಮೊದಲೇ ಕೈಬಿಟ್ಟೆವು. ಕೊರೆದು ಹಾಕುವ ಪೈಲ್‌ಗಳೇ, ಅದೂ ಉಕ್ಕಿನ ಕೇಸಿಂಗ್ (ರಂಧ್ರ ಕುಸಿಯದಂತೆ ಇಳಿಸುವ ಕೊಳವೆ) ಮುಂದೆ, ಕೊರೆಯುವ ಬಕೆಟ್ ಹಿಂದೆ. ಸುರಂಗದ ಬದಿಯ ಪೈಲ್‌ಗಳಿಗೆ ಎರಡು ಕೇಸಿಂಗ್, ನಡುವೆ ಜಾರುವ ಬಿಟುಮನ್ ಲೇಪ. ಇದರಿಂದ ಪೈಲಿನ ಭಾರ ಸುರಂಗದ ಮಟ್ಟದ ಮಣ್ಣಿಗೆ ತಾಗದೆ, ಸುರಂಗದ ತಳಕ್ಕಿಂತ ಕೆಳಗೆ ಹೋಗಿ ಸೇರುತ್ತದೆ. ಕೊರೆಯುವಾಗ ಓಲುವುದನ್ನೂ ಲೆಕ್ಕ ಹಾಕಬೇಕು. 75ಕ್ಕೆ 1ರಷ್ಟು ಓಲಿದರೆ ಸಾಮಾನ್ಯ ಕೆಲಸದಲ್ಲಿ ಯಾರೂ ಏನೂ ಅನ್ನುವುದಿಲ್ಲ. 30 ಮೀಟರ್ ಆಳದಲ್ಲಿ ಅದು 400 ಮಿ.ಮೀ. ಆಗುತ್ತದೆ. ಕಾಗದದ ಮೇಲಿನ ದೂರದಲ್ಲಿ ಇದನ್ನು ಕಳೆದೇ ನೋಡಬೇಕು.

ಎಲ್ಲಕ್ಕಿಂತ ಜಾಸ್ತಿ ವಾದ ನಡೆದದ್ದು ತೋಡುವ ಕ್ರಮದ ಬಗ್ಗೆ. ಕೊನೆಯ ಪದರವನ್ನು ಪಟ್ಟಿ ಪಟ್ಟಿಯಾಗಿ ತೋಡಬೇಕು ಅಂತ ನಾನು ಬರೆದಿದ್ದೆ. ಒಂದು ಪಟ್ಟಿ ತೋಡಿ, ಅಂದೇ ತಳಕ್ಕೆ ಬೆಡ್ ಕಾಂಕ್ರೀಟ್ ಹಾಕಿ, ಕಂಬಿ ಕಟ್ಟಿ ರಾಫ್ಟ್ ಎರೆದ ಮೇಲೆಯೇ ಪಕ್ಕದ ಪಟ್ಟಿ ಮುಟ್ಟಬೇಕು. ಅಲ್ಲಿಯವರೆಗೆ ಗೋಡೆಯ ಬುಡದಲ್ಲಿ ಮಣ್ಣಿನ ದಿಬ್ಬ ಹಾಗೇ ಇರಬೇಕು.

ಗುತ್ತಿಗೆದಾರರ ಸೈಟ್ ಮ್ಯಾನೇಜರ್ ಬಂದು ಕೂತರು. "ಮೇಡಂ, ಒಂದೇ ಸಲ ಬಾಚಿಬಿಟ್ರೆ ಕೆಲಸ ಬೇಗ ಮುಗಿಯುತ್ತೆ. ಗೋಡೆ ಗಟ್ಟಿ ಇದೆಯಲ್ಲ?"

"ಗೋಡೆಗೆ ಏನೂ ಆಗಲ್ಲ ಸರ್," ಅಂದೆ. "ಅದು 20 ಮಿ.ಮೀ. ಬಾಗಿದ್ರೂ ನಿಮಗೆ ಗೊತ್ತೇ ಆಗಲ್ಲ. ಹಳಿಗೆ ಗೊತ್ತಾಗುತ್ತೆ."

ಆಮೇಲೆ ಎರಡೂ ರೀತಿಯ ಲೆಕ್ಕ ಮಾಡಿ ಪಕ್ಕಪಕ್ಕ ಇಟ್ಟು ತೋರಿಸಿದೆ. ಒಂದೇ ಸಲ ತೋಡಿದರೆ ಮಿತಿ ದಾಟುತ್ತಿತ್ತು. ಪಟ್ಟಿಯಲ್ಲಿ ತೋಡಿದರೆ ಒಳಗೇ ಉಳಿಯುತ್ತಿತ್ತು. ಗೋಡೆಯ ದಪ್ಪ, ಕಂಬಿ, ಸ್ಟ್ರಟ್ ಎರಡರಲ್ಲೂ ಒಂದೇ, ಬದಲಾದದ್ದು ಕ್ರಮ ಮಾತ್ರ. ಅವರು ಒಪ್ಪಿದರು, ಆದರೆ ಪಟ್ಟಿಯ ಅಗಲ ತಮ್ಮ ಯಂತ್ರ ತಿರುಗುವಷ್ಟು ಇರಲಿ ಅಂದರು. ಅದು ನ್ಯಾಯವಾದ ಮಾತು. ಅಗಲವನ್ನು ಅವರ ಜೊತೆ ಕೂತೇ ತೀರ್ಮಾನಿಸಿ, ನಕ್ಷೆಯಲ್ಲಿ ಪಟ್ಟಿಗಳಿಗೆ ನಂಬರ್ ಹಾಕಿ, ಲೆಕ್ಕವನ್ನು ಮತ್ತೆ ಮಾಡಿದೆ.

ಅಳತೆ ವ್ಯವಸ್ಥೆ ಇಲ್ಲದೆ ಇದೆಲ್ಲ ಬರೀ ನಂಬಿಕೆ. ಸುರಂಗದ ಒಳಗೆ ತಾನೇ ತಿರುಗಿ ಅಳೆಯುವ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಕೂರಿಸಿದೆವು. ಆಯ್ದ ಬಳೆಗಳಿಗೆ ಅದರ ಬೆಳಕನ್ನು ವಾಪಸ್ ಕಳಿಸುವ ಐದೈದು ಗಾಜಿನ ಪ್ರಿಸಂ: ನೆತ್ತಿಗೆ ಒಂದು, ಎರಡು ಪಕ್ಕಕ್ಕೆ, ಹಳಿಯ ಎರಡು ಬದಿಗೆ. ಹೋಲಿಸಿ ನೋಡಲು ಇಟ್ಟ ಪ್ರಿಸಂಗಳು ಗುಂಡಿಯ ಪ್ರಭಾವ ತಟ್ಟದಷ್ಟು ದೂರದಲ್ಲಿದ್ದವು. ಮೇಲೆ ಗೋಡೆಯೊಳಗೆ ಬಾಗು ಅಳೆಯುವ ಇನ್‌ಕ್ಲಿನೊಮೀಟರ್, ಹೊರಗೆ ನೀರಿನ ಮಟ್ಟ ನೋಡುವ ಪೀಜೊಮೀಟರ್. ಇದೆಲ್ಲ ಗುಂಡಿ ಶುರುವಾಗುವ ಮುಂಚೆಯೇ ಸಾಕಷ್ಟು ಕಾಲ ಓಡಿರಬೇಕು. ಉಷ್ಣತೆಗೆ, ರೈಲಿನ ಓಡಾಟಕ್ಕೆ ರೀಡಿಂಗ್ ತಾನಾಗಿಯೇ ಎಷ್ಟು ಏರಿಳಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ, ಆಮೇಲೆ ಬರುವ 2 ಮಿ.ಮೀ. ನಿಜವೋ ಸುಳ್ಳೋ ಹೇಳುವವರಿಲ್ಲ.

ಎಚ್ಚರಿಕೆಗೆ ಮೂರು ಮಟ್ಟ ಇಟ್ಟಿದ್ದೆವು. ಮೊದಲನೆಯದು ಮುಟ್ಟಿದರೆ ಅಳತೆ ಇನ್ನಷ್ಟು ಸಲ. ಎರಡನೆಯದಕ್ಕೆ ಕ್ರಮ ಬದಲು. ಮೂರನೆಯದಕ್ಕೆ ಕೆಲಸ ಬಂದ್. ಯಾರು ಯಾರಿಗೆ ಫೋನ್ ಮಾಡಬೇಕು, ಯಂತ್ರ ನಿಲ್ಲಿಸು ಅನ್ನುವ ಅಧಿಕಾರ ಯಾರದು ಅನ್ನುವುದನ್ನೂ ಹೆಸರು ಸಮೇತ ಬರೆದಿದ್ದೆವು. ನನ್ನ ಲೆಕ್ಕದಲ್ಲಿ ಈ ಒಂದು ಪುಟ ದಪ್ಪ ವರದಿಗಿಂತ ಮುಖ್ಯ.

ಒಂದು ಬೆಳಗ್ಗೆ ಎರಡನೆಯ ಮಟ್ಟದ ಸಂದೇಶ ಬಂತು. ಒಂದು ಬಳೆಯ ಒಂದು ಪ್ರಿಸಂ ಮಾತ್ರ ಜಿಗಿದಿತ್ತು. ಅದೇ ಬಳೆಯ ಉಳಿದ ನಾಲ್ಕು ಅಲುಗಿರಲಿಲ್ಲ. ಅಕ್ಕಪಕ್ಕದ ಬಳೆಗಳೂ ಸುಮ್ಮನಿದ್ದವು. ಮೇಲೆ ಗೋಡೆಯ ಇನ್‌ಕ್ಲಿನೊಮೀಟರಿನಲ್ಲೂ ಏನಿಲ್ಲ. ಮಣ್ಣು ಹೀಗೆ ಒಂದು ಬಿಂದುವನ್ನಷ್ಟೇ ತಳ್ಳುವುದಿಲ್ಲ, ಅಲ್ವಾ? ಆದರೂ ಬರೆದ ನಿಯಮದ ಪ್ರಕಾರ ಆ ಬದಿಯ ತೋಡುವಿಕೆ ನಿಲ್ಲಿಸಿ, ರಾತ್ರಿ ಸರ್ವೆಯವರನ್ನು ಒಳಗೆ ಕಳಿಸಿದೆವು. ಪ್ರಿಸಂ ಗಾಜಿನ ಮೇಲೆ ಬ್ರೇಕಿನ ಕಪ್ಪು ಧೂಳು ದಪ್ಪಗೆ ಕೂತಿತ್ತು, ಹಿಡಿದಿದ್ದ ತಿರುಪೂ ಸಡಿಲ. ಒರೆಸಿ, ಬಿಗಿ ಮಾಡಿ, ಹೊಸ ಆರಂಭದ ಅಂಕಿ ತೆಗೆದುಕೊಂಡರು. ಅಂದಿನಿಂದ ಪ್ರಿಸಂ ಒರೆಸುವುದು ನಿರ್ವಹಣೆಯ ಪಟ್ಟಿಗೆ ಸೇರಿತು. ಕೆಲಸ ನಿಲ್ಲಿಸಿದ್ದು ದಂಡ ಅಂತ ಗೊಣಗಿದವರಿಗೆ ನಾನು ಉತ್ತರ ಕೊಡಲು ಹೋಗಲಿಲ್ಲ.

ಸುರಂಗದಿಂದ ಕಟ್ಟಡಕ್ಕೆ ಬರುವ ತೊಂದರೆಯನ್ನೂ ನೋಡಬೇಕು. ರೈಲಿನ ಕಂಪನ ಪೈಲುಗಳ ಮೂಲಕ ಹತ್ತಿ ಮಲಗುವ ಕೋಣೆಯಲ್ಲಿ ಗುಂಯ್ ಅನ್ನುವ ಸದ್ದಾಗುತ್ತದೆ. ಇದಕ್ಕೆ ಕಂಬಗಳ ಬುಡದಲ್ಲಿ ರಬ್ಬರ್ ಬೇರಿಂಗ್ ಇಡುವ ದಾರಿಯಿದೆ, ಆದರೆ ವಿನ್ಯಾಸದ ಶುರುವಿನಲ್ಲೇ ತೀರ್ಮಾನವಾಗಬೇಕು. ನೇರ ವಿದ್ಯುತ್ತಿನಿಂದ ಓಡುವ ರೈಲಾದರೆ ಹಳಿಯಿಂದ ಸೋರಿದ ಕರೆಂಟ್ ಮಣ್ಣಿನ ಮೂಲಕ ಹರಿದು ಪಾಯದ ಕಂಬಿಯನ್ನು ತಿನ್ನಬಹುದು. ಅದನ್ನು ನಮ್ಮ ವಿದ್ಯುತ್ ಎಂಜಿನಿಯರ್ ನೋಡಿಕೊಂಡರು.

ಕಟ್ಟಡ ಮುಗಿದ ತಕ್ಷಣ ಪ್ರಿಸಂ ಕಿತ್ತುಕೊಂಡು ಹೋಗೋಣ ಅಂತ ಮಾಲೀಕರು ಕೇಳಿದರು. ಜೇಡಿಮಣ್ಣಿನಲ್ಲಿ ಅದು ಆಗುವುದಿಲ್ಲ. ಲಂಡನ್ನಿನ ಶೆಲ್ ಸೆಂಟರ್ ಕಟ್ಟಡದ ಗುಂಡಿಯ ಅಡಿಯಲ್ಲಿದ್ದ ರೈಲು ಸುರಂಗಗಳನ್ನು 1959ರಿಂದ 1986ರವರೆಗೆ ಅಳೆದು ದಾಖಲಿಸಿದ್ದಾರೆ. ಭಾರ ಕಳೆದುಕೊಂಡ ಜೇಡಿ ನೀರು ಹೀರುತ್ತಾ ಉಬ್ಬಿ, ಸುರಂಗಗಳು ದಶಕಗಳ ಕಾಲ ನಿಧಾನವಾಗಿ ಮೇಲೇರಿದವು. ಹಾಗಾಗಿ ರೀಡಿಂಗಿನ ಗೆರೆ ಚಪ್ಪಟೆಯಾಗುವವರೆಗೆ ಅಳತೆ ಮುಂದುವರಿಯಬೇಕು ಅಂತ ಒಪ್ಪಂದಕ್ಕೆ ಸೇರಿಸಿದ್ದೆವು. ಗೆರೆ ಚಪ್ಪಟೆಯಾದ ಮೇಲೆ ಮತ್ತೊಮ್ಮೆ ಒಳಗೆ ಹೋಗಿ ಅದೇ ಬಳೆಗಳ ಫೋಟೊ ತೆಗೆದು, ಹಳೆಯದರ ಜೊತೆ ಇಟ್ಟು ನೋಡಿದೆವು. ಒಂದೆರಡು ಸಂದಿಯಲ್ಲಿ ಒಸರು ಸ್ವಲ್ಪ ಹೆಚ್ಚಿತ್ತು. ಒಪ್ಪಂದದಂತೆ ಅದಕ್ಕೆ ಗ್ರೌಟ್ ಹಾಕಿಸಿದ ಖರ್ಚು ನಮ್ಮ ಕಡೆಯದೇ. ಕೊನೆಗೆ ಪ್ರತಿ ಪೈಲ್ ನಿಜಕ್ಕೂ ನಿಂತ ಜಾಗದ ಅಳತೆಯನ್ನು ರೈಲಿನವರಿಗೆ ಒಪ್ಪಿಸಿದೆವು.