ಒಂದೇ ಎಳೆಯ ರಂಗೋಲಿ ಕಟ್ಟುವ ಬಗೆ

ದಾವಣಗೆರೆಯ ನಿಟುವಳ್ಳಿಯ ನಮ್ಮ ಮನೆಯಲ್ಲಿ ಬಾಗಿಲ ಮುಂದಿನ ಅಂಗಳ ಅತ್ತೆಯವರದು. ಎಷ್ಟು ಚುಕ್ಕಿ ಎಂದು ಅವರು ಎಣಿಸಿದ್ದನ್ನು ನಾನು ಕಂಡಿಲ್ಲ. ನಾನಾದರೋ 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು, ಎಣಿಸದೆ ಒಂದು ಗೆರೆಯನ್ನೂ ಎಳೆಯಲಾರೆ. ಕಳೆದ ಧನುರ್ಮಾಸದಲ್ಲಿ ಅವರ ಮೊಣಕಾಲು ನೋವು ಹೆಚ್ಚಾಗಿ ಅಂಗಳ ನನ್ನ ಪಾಲಿಗೆ ಬಂತು. ಚುಕ್ಕಿಗಳನ್ನು ಗೆರೆ ಸುತ್ತಿ ಬರುವ ಎಳೆ ರಂಗೋಲಿಯನ್ನು ನೋಡಿ ಹಾಕುವುದಕ್ಕಿಂತ ಸ್ವಂತದ್ದನ್ನು ಕಟ್ಟಬೇಕು ಎನ್ನುವವರಿಗಾಗಿ ಆ ತಿಂಗಳು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದದ ಮೇಲೆ ಮಾಡಿ ನೋಡಿ. (ಮಂಡಕ್ಕಿ ಮೆಣಸಿನಕಾಯಿ ಕಟ್ಟಿಕೊಟ್ಟ ಕಾಗದ ಬೇಡ. ಎಣ್ಣೆಯ ಮೇಲೆ ಪೆನ್ಸಿಲ್ ಮೂಡುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ.) 3 ಸಾಲು, ಸಾಲಿಗೆ 4 ಚುಕ್ಕಿ ಇಡಿ. ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ, ಮೇಲೆ ಕೆಳಗಿನ ಎರಡರ ನಡುವೆಯೂ ಒಂದೊಂದು ಸಣ್ಣ ಗುಣಾಕಾರ ಚಿಹ್ನೆ ಹಾಕಿ. ಒಟ್ಟು 17 ಆಗಬೇಕು. ಈಗ ಒಂದು ಚಿಹ್ನೆಯ ತೋಳನ್ನು ಪಕ್ಕದ ಚಿಹ್ನೆಯ ತೋಳಿಗೆ ಸೇರಿಸುತ್ತ ಹೋಗಿ. ದಾಟುವ ಕಡೆ ತಿರುಗದೆ ನೇರವಾಗಿ ದಾಟಿ. ಅಂಚಿನ ಚುಕ್ಕಿ ಬಂದರೆ ಅದನ್ನು ಹೊರಗಿನಿಂದ ಬಳಸಿಕೊಂಡು ಒಳಗೆ ಬನ್ನಿ. ಹೊರಟಲ್ಲಿಗೆ ಮರಳುವಾಗ ಇಡೀ ರಂಗೋಲಿ ಒಂದೇ ಎಳೆಯಲ್ಲಿ ಮುಗಿದಿರುತ್ತದೆ.

3 ಸಾಲು, 3 ಚುಕ್ಕಿ ಇಟ್ಟರೆ ಹೀಗಾಗುವುದಿಲ್ಲ. "ಮೂರಕ್ಕೆ ಮೂರು ಕೂಡುವುದಿಲ್ಲಮ್ಮ, ನಾಲ್ಕು ಇಡು" ಎಂದು ಅತ್ತೆ ಕಿಟಕಿಯಿಂದಲೇ ಹೇಳಿದರು. ಏಕೆ ಎಂದು ಕೇಳಿದರೆ "ಕೂಡುವುದಿಲ್ಲ, ಅಷ್ಟೇ." ಅಂದು ಮಧ್ಯಾಹ್ನ ಬೇರೆ ಬೇರೆ ಅಳತೆಗಳಲ್ಲಿ ಬರೆದು ಎಳೆಗಳನ್ನು ಎಣಿಸಿದೆ: 4ಕ್ಕೆ 6 ಇಟ್ಟರೆ 2 ಎಳೆ, 3ಕ್ಕೆ 3 ಇಟ್ಟರೆ 3 ಎಳೆ, 3ಕ್ಕೆ 5 ಇಟ್ಟರೆ ಒಂದೇ. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.), ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಎಷ್ಟೋ ಅಷ್ಟೇ ಎಳೆ! ಹತ್ತನೇ ತರಗತಿಗೆ ಪ್ರತಿ ವರ್ಷ ಮ.ಸಾ.ಅ. ಪಾಠ ಮಾಡಿದವಳು ನಾನು. ಒಮ್ಮೆಯಾದರೂ ಒಂದು ಹಿಡಿ ರಂಗೋಲಿ ಪುಡಿ ತೆಗೆದುಕೊಂಡು ಹೋಗಬೇಕೆಂದು ಹೊಳೆಯಲಿಲ್ಲ.

ಚೌಕವೇ ಬೇಕು, ಎಳೆಯೂ ಒಂದೇ ಇರಬೇಕು ಎನ್ನುವುದಾದರೆ ಗೋಡೆ ಕಟ್ಟಬೇಕು. ಎರಡು ಎಳೆಗಳು ದಾಟುವ ಒಂದು ಜಾಗದಲ್ಲಿ ಗುಣಾಕಾರ ಚಿಹ್ನೆ ಅಳಿಸಿ, ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಕಂಸಗಳನ್ನು ಬರೆಯಿರಿ. ಬೇರೆ ಬೇರೆ ಎಳೆಗಳು ಅಲ್ಲಿ ಒಂದಾಗಿಬಿಡುತ್ತವೆ. ಒಂದೇ ಎಳೆ ತನ್ನನ್ನೇ ದಾಟುವ ಕಡೆ ಮಾತ್ರ ಎಚ್ಚರ: ಗೋಡೆಯ ದಿಕ್ಕಿನ ಮೇಲೆ ಅದು ಒಂದಾಗಿಯೇ ಉಳಿಯಬಹುದು, ಎರಡಾಗಿ ಒಡೆಯಲೂಬಹುದು.

3ಕ್ಕೆ 3ರಲ್ಲಿ ಮೂರು ಎಳೆ, ಹಾಗಾಗಿ ಎರಡು ಗೋಡೆ ಸಾಕು ಎಂದು ಲೆಕ್ಕ ಹೇಳಿತು. ಎಲ್ಲಿ ಎಂಬುದನ್ನು ಕಣ್ಣಿಗೆ ಬಿಟ್ಟೆ. ಕಣ್ಣು ಕೂಡಲೇ ನಡುವಿನ ಚುಕ್ಕಿಯ ಎಡಕ್ಕೊಂದು, ಬಲಕ್ಕೊಂದು ಎಂದಿತು. ಚಂದವಾಗಿಯೇ ಇತ್ತು, ಆದರೆ ಹಾಕಿ ನೋಡಿದರೆ ಕೂಡಲಿಲ್ಲ. ಮೂರು ಎಳೆಗಳಿಗೂ ಒಂದೊಂದು ಬಣ್ಣ ಕೊಟ್ಟಾಗ ಕಾರಣ ಕಂಡಿತು. ಮೂಲೆಯಿಂದ ಮೂಲೆಗೆ ಎರಡು ಉದ್ದನೆಯ ಎಳೆಗಳಿವೆ, ಮೂರನೆಯದು ವಜ್ರದ ಆಕಾರದ್ದು. ನಡುವಿನ ಚುಕ್ಕಿಯ ಸುತ್ತ ದಾಟುವುದು ಆ ಉದ್ದದವೆರಡೇ. ನನ್ನ ಎರಡೂ ಗೋಡೆಗಳು ಅವುಗಳಿಗೇ ಖರ್ಚಾಗಿ ವಜ್ರ ಒಂಟಿಯಾಗಿ ಉಳಿದಿತ್ತು. ಪ್ರತಿಯೊಂದು ಉದ್ದದ ಎಳೆಯನ್ನೂ ವಜ್ರಕ್ಕೆ ಕಟ್ಟಿದರೆ ಸರಿಹೋಗುತ್ತದೆ. ಅಂಥ ಜಾಗಗಳು ಎಂಟಿವೆ, ಎಲ್ಲವೂ ಅಂಚಿನಲ್ಲಿ. ಆ ಎಂಟರಲ್ಲಿ ಯಾವೆರಡು ಎಂದು ಮತ್ತೆ ಕಣ್ಣನ್ನು ಕೇಳಿದೆ. ಈ ಸಲ ಅದು ಮೇಲಿನ ಸಾಲಿನ ಎರಡೂ ಸಂದುಗಳನ್ನು ತೋರಿಸಿತು. ಒಂದೇ ಎಳೆ ಬಂತು, ಆ ಸಾಲಿನ ನಡುವಿನ ಚುಕ್ಕಿ ದೀಪದ ಕುಡಿಯಂತೆ ಎದ್ದು ನಿಂತಿತು.

ನೀವೂ ಹೀಗೆ ಸರದಿ ಹಾಕಿಕೊಳ್ಳಿ. ಕಣ್ಣು ಆಸೆಪಟ್ಟದ್ದನ್ನು ಮೊದಲು ಹಾಕಿಬಿಡಿ, ಕೂಡದಿದ್ದಾಗ ಬಣ್ಣ ಹಚ್ಚಿ ಎಣಿಸಿ, ಉಳಿದ ಜಾಗಗಳಲ್ಲಿ ಮತ್ತೆ ಕಣ್ಣಿಗೆ ಆಯ್ಕೆ ಕೊಡಿ. ಗೆರೆ ಎಳೆಯುತ್ತಲೇ ಎಣಿಸಲು ಹೋದರೆ ಗೆರೆ ನಡುಗುತ್ತದೆ, ಎಣಿಕೆಯೂ ತಪ್ಪುತ್ತದೆ.

ನೆಲದ ಮೇಲೆ ಹಾಕುವಾಗ ನೀರು ಹಾಕಿದ ಕೂಡಲೇ ಕೂರಬೇಡಿ, ಪುಡಿ ಗಂಟುಗಟ್ಟುತ್ತದೆ. ನೀರಿನ ಹೊಳಪು ಆರಿ ತೇವ ಮಾತ್ರ ಉಳಿದಿರಲಿ. ಗೋಡೆ ಬರುವ ಜಾಗಗಳಲ್ಲಿ ಚುಕ್ಕಿಯ ಜೊತೆಗೇ ಒಂದು ಚಿಟಿಕೆ ಅರಿಸಿನ ಇಟ್ಟುಕೊಂಡರೆ ಕೈ ಮರೆತು ನೇರ ಹೋಗುವುದಿಲ್ಲ.

ಅತ್ತೆ ಗೋಡೆ ಹಿಡಿದು ಹೊರಬಂದು ಆ ದೀಪದ ಕುಡಿಯನ್ನು ನೋಡಿದರು. ಎಳೆಯನ್ನು ಬೆರಳಿನಿಂದ ಗಾಳಿಯಲ್ಲೇ ಪೂರ್ತಿ ಸುತ್ತಿ, "ಐದಕ್ಕೆ ಐದು?" ಎಂದರು. ಐದು ಎಳೆ, ಕಡಿಮೆಯೆಂದರೂ ನಾಲ್ಕು ಗೋಡೆ. ಎಲ್ಲೆಲ್ಲಿ ಇಟ್ಟರೆ ಅವರ ಕಣ್ಣಿಗೂ ಒಪ್ಪುತ್ತದೆ ಎಂದು ಈಗ ಕಾಗದ ಹಾಳು ಮಾಡುತ್ತಿದ್ದೇನೆ.