ಊರಿನ ಹೊಳೆಲಿ ದೇವರ ಮೀನು ಉಳಿಸ್ಕೊಳ್ಳೋದು ಹೇಗೆ

ದಕ್ಷಿಣ ಕನ್ನಡದ ಶಿಶಿಲದ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಕಪಿಲಾ ಹೊಳೆಗೆ ಒಂದು ಹಿಡಿ ಚುರುಮುರಿ ಎಸೆದು ನೋಡಿ, ಕಪ್ಪು ಬೆನ್ನುಗಳು ಒಂದರ ಮೇಲೊಂದು ನುಗ್ಗಿ ಬರ್ತವೆ, ದಪ್ಪ ತುಟಿ ನೀರಿಂದ ಹೊರಗೆ ಚಾಚಿ ಚಪ್ ಚಪ್ ಅಂತ ನುಂಗ್ತವೆ. ಮಹಶೀರ್ ಇದು, ತುಳುವಲ್ಲಿ ಪೆರುವೋಳು, ಊರವರ ಬಾಯಲ್ಲಿ ದೇವರ ಮೀನು. ಶೃಂಗೇರಿಲಿ, ರಾಮನಾಥಪುರದಲ್ಲಿ ಮೀನು ಉಳಿದಿರೋದೂ ದೇವಸ್ಥಾನದ ಮುಂದೆ ಯಾರೂ ಬಲೆ ಹಾಕಲ್ಲ ಅನ್ನೋ ಕಾರಣಕ್ಕೇ. ಆದ್ರೆ ಬರೀ ಭಕ್ತಿ ಸಾಲಲ್ಲ, ಇದೇ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದಾರೆ. ಹಾಗಾಗಿ ನಿಮ್ಮೂರಲ್ಲಿ ದೇವಸ್ಥಾನ ಇರಲಿ ಇಲ್ದಿರಲಿ, ಮೀನಿಗೊಂದು ಜಾಗ ಕಾಪಾಡ್ಬೇಕು ಅಂದ್ರೆ ಏನೇನು ಮಾಡ್ಬೇಕು ಅಂತ ಬರೀತಿದೀನಿ.

ಮೊದ್ಲು ಜಾಗ ಹುಡುಕಿ, ಅದೂ ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಎಲ್ಲಾ ಕಡೆ ನೀರೇ, ಬಿರು ಬೇಸಿಗೆಲೂ ಬತ್ತದ ಗುಂಡಿ ಯಾವ್ದು, ದಡದಲ್ಲಿ ಮರದ ನೆರಳು ಎಲ್ಲಿದೆ ಅಂತ ಹೊಳೆಗುಂಟ ನಡೆದೇ ನೋಡ್ಬೇಕು. ಗುಂಡಿ ಒಂದನ್ನೇ ಕಾದ್ರೆ ಆಗಲ್ಲ, ಅದರ ಮೇಲೆ ಕೆಳಗೆ ಬೆಣಚುಕಲ್ಲಿನ ಮೇಲೆ ನೀರು ತೆಳ್ಳಗೆ ಜೋರಾಗಿ ಹರಿಯೋ ಜಾಗ ಇರುತ್ತಲ್ಲ, ಮಳೆಗಾಲದಲ್ಲಿ ಮತ್ತು ಅದು ಮುಗೀತಿದ್ದಂಗೆ ಇವು ಮೊಟ್ಟೆ ಇಡೋದು ಅಂಥಾ ಕಲ್ಲಿನ ಸಂದಿಲಿ. ಅಲ್ಲಿಂದ ಮರಳು, ಜಲ್ಲಿ ತೆಗೆದ್ರೆ ಮರಿನೇ ಆಗಲ್ಲ.

ಆಮೇಲೆ ಪಂಚಾಯ್ತಿಗೆ ಹೋಗೋ ಮುಂಚೆ ಮೀನು ಹಿಡಿಯೋರ ಮನೆಗೆ ಹೋಗಿ. ಹೊಳೆ ಬಗ್ಗೆ ಅವರಿಗೆ ಗೊತ್ತಿರೋವಷ್ಟು ಯಾರಿಗೂ ಗೊತ್ತಿರಲ್ಲ. ಇಡೀ ಹೊಳೆ ಬಂದ್ ಅಂದ್ರೆ ಜಗಳ ಆಗುತ್ತೆ, ಆಗ್ಲೇಬೇಕು, ಅವರ ಊಟದ ಪ್ರಶ್ನೆ ಅದು. ಈ ಗುಂಡಿ ಬಿಟ್ಬಿಡಿ, ಕೆಳಗೆ ನಿಮ್ಮ ಗಾಳ ಬಲೆ ಹಾಕ್ಕೊಳ್ಳಿ ಅಂದ್ರೆ ಒಪ್ತಾರೆ, ಕಾವಲಿಗೂ ಅವರೇ ಮುಂದೆ ನಿಲ್ತಾರೆ. ಇಷ್ಟಾದ್ಮೇಲೆ ಗ್ರಾಮಸಭೆಲಿ ನಿರ್ಣಯ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಗುಂಡಿ ಹೆಸರು ಅದರ ದಾಖಲೆ ಪುಸ್ತಕದಲ್ಲಿ ಸೇರಿಸಿ, ನಿರ್ಣಯದ ಕಾಪಿ ಮೀನುಗಾರಿಕೆ ಇಲಾಖೆಗೆ ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ. ತೋಟೆ ಅಂದ್ರೆ ಸಿಡಿಮದ್ದು ಹಾಕೋದು, ವಿಷ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ, ಬೋರ್ಡ್ ಮೇಲೆ ಇದನ್ನ ದೊಡ್ಡಕ್ಷರದಲ್ಲಿ ಬರೆಸಿ.

ಹೆಚ್ಚಿನವರು ಇಲ್ಲಿಗೆ ಕೆಲ್ಸ ಮುಗೀತು ಅಂದ್ಕೋತಾರೆ, ನಿಜವಾದ ಕೆಲ್ಸ ಮೇಲಿನ ತೋಟಗಳಲ್ಲಿರೋದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೀತೀವಲ್ಲ, ಸಂಜೆ ಆ ಡ್ರಮ್ಮು, ಪೈಪು ಎಲ್ಲಾ ಹೊಳೆಲೇ ತೊಳೆಯೋ ಅಭ್ಯಾಸ ಇದೆ. ಮೈಲುತುತ್ತಲ್ಲಿರೋದು ತಾಮ್ರ, ಮೀನಿಗೆ, ಅದರಲ್ಲೂ ಮರಿಗಳಿಗೆ, ಅದು ವಿಷ. ತೊಳೆದ ನೀರನ್ನ ಹೊಳೆಯಿಂದ ದೂರ ತೋಟದೊಳಗೇ ಒಂದು ಹೊಂಡಕ್ಕೆ ಬಿಡಿ ಅಂತ ಒಬ್ಬೊಬ್ಬರ ಹತ್ರಾನೂ ಹೇಳ್ಬೇಕು, ನೋಟಿಸಿಗೆಲ್ಲ ಬಗ್ಗೋ ವಿಷಯ ಅಲ್ಲ ಇದು. ಬೇಸಿಗೇಲಿ ಪಂಪ್ ಸೆಟ್ಟುಗಳ ವಿಷಯಾನೂ ಅಷ್ಟೇ, ಗುಂಡಿಯಿಂದ ನೇರ ಎಳೀಬೇಡಿ, ಸರದಿ ಮಾಡ್ಕೊಳ್ಳಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವಾಗ ಒಂದು ಕಿಂಡಿಲಾದ್ರೂ ಕೆಳಗಿನ ಗುಂಡಿಗೆ ನೀರು ಹರೀತಾ ಇರ್ಲಿ.

ಹೊರಗಿಂದ ಮೀನು ಮರಿ ತಂದು ಬಿಡೋ ಆಸೆ ಎಲ್ರಿಗೂ ಬರುತ್ತೆ, ದಯವಿಟ್ಟು ಬೇಡ. ಕಾವೇರಿಲಿ ಒಳ್ಳೇ ಮನಸ್ಸಿಂದಲೇ ಬೇರೆ ಜಾತಿ ಮಹಶೀರ್ ಮರಿಗಳನ್ನ ಬಿಟ್ರು, ಅವು ಹಬ್ಬಿದ್ವು, ಅಲ್ಲಿಯದೇ ಆದ ಗೂನು ಬೆನ್ನಿನ ಮಹಶೀರ್ ಕಮ್ಮಿಯಾಗ್ತಾ ಹೋಯ್ತು. ಅದಕ್ಕೆ ಟಾರ್ ರಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತ ಆಗಿದ್ದೇ 2018ರಲ್ಲಿ, ಅಷ್ಟೊತ್ತಿಗೆ ಅದು ಅಳಿವಿನ ತುದಿಗೆ ಬಂದಿತ್ತು. ಜನ ತಿಂಡಿ ಹಾಕೋದನ್ನ ಪೂರ್ತಿ ನಿಲ್ಲಿಸೋಕೆ ಆಗ್ದಿದ್ರೆ ಒಂದು ಹಿಡಿ ಸಾಕು ಅನ್ನಿ, ಬ್ರೆಡ್ಡು, ಪ್ಲಾಸ್ಟಿಕ್ ಕವರು ಮೆಟ್ಟಿಲಿಂದ ಕೆಳಗೆ ಇಳೀಬಾರ್ದು.

ಮೀನು ಸತ್ತು ತೇಲಿದ್ರೆ ತಕ್ಷಣ ಫೋಟೋ ತೆಗೀರಿ, ಶುದ್ಧ ಬಾಟಲಿಲಿ ನೀರು ಹಿಡೀರಿ, ಎರಡು ಮೀನು ಐಸಲ್ಲಿಟ್ಟು ಪೊಲೀಸ್ ಮತ್ತು ಮೀನುಗಾರಿಕೆ ಇಲಾಖೆಗೆ ತಿಳಿಸಿ. ದನ ಇಳಿಸ್ಬೇಡಿ, ಆ ಮೀನು ಯಾರೂ ಮನೆಗೆ ಒಯ್ಯದ ಹಾಗೆ ನೋಡ್ಕೊಳ್ಳಿ.

ತಿಂಗಳಿಗೊಮ್ಮೆ ಒಂದೇ ಬಂಡೆ ಮೇಲೆ, ಒಂದೇ ಹೊತ್ತಲ್ಲಿ ಕೂತು ಎಷ್ಟು ಮೀನು ಕಾಣ್ತವೆ, ಮರಿ ಇದ್ದಾವಾ ಅಂತ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಶಾಲೆ ಮಕ್ಕಳು ಇದನ್ನ ನಮಗಿಂತ ಚೆನ್ನಾಗಿ ಮಾಡ್ತಾರೆ. ಕಾವಲಿನ ಸರದಿ ಪಟ್ಟಿ ಮೇ ತಿಂಗಳಲ್ಲೇ ಆಗ್ಲಿ, ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ ಮೀನು ನೀರಿನೆದುರು ಮೇಲಕ್ಕೆ ಹತ್ತೋ ರಾತ್ರಿ ಟಾರ್ಚ್ ಹಿಡ್ಕೊಂಡು ಕತ್ತಿ, ಬಲೆ ಜೊತೆ ಜನ ಇಳೀತಾರೆ, ಆವತ್ತು ಗುಂಡಿ ಹತ್ರ ನಾಲ್ಕು ಜನ ಕೊಡೆ ಹಿಡ್ಕೊಂಡು ಬೆಳಗಿನವರೆಗೂ ನಿಂತಿರ್ಬೇಕು.