ಒಗ್ಗರಣೆಗೆ ಅಲಾರಂ ಕಿರುಚಿದರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಪಾರ್ಟ್‌ಮೆಂಟಿಗೆ ಬಂದ ಮೊದಲ ವಾರದಲ್ಲೇ ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಕಿರುಚುತ್ತದೆ. ಗಾಬರಿ ಬೇಡ, ನಮ್ಮವರ ಮನೆಗಳಲ್ಲಿ ಇದು ಮಾಮೂಲು. ಆಮೇಲೆ ಯಾರೋ ಕುರ್ಚಿ ಹತ್ತಿ ಬ್ಯಾಟರಿ ಕಿತ್ತಿಡುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಕವರ್ ಸುತ್ತುತ್ತಾರೆ. ಅದೊಂದನ್ನು ಮಾತ್ರ ಮಾಡಬೇಡಿ. ಇಲ್ಲಿ ಹೆಚ್ಚಿನ ಮನೆಗಳ ಚೌಕಟ್ಟು ಮರದ್ದು, ನೆಲಕ್ಕೆ ಕಾರ್ಪೆಟ್ಟು. ಬೆಂಕಿ ಹತ್ತಿದರೆ ಹೊರಬರಲು ಸಿಗುವುದು ಕೆಲವೇ ನಿಮಿಷ.

ಎಣ್ಣೆ ಕಾಯುವ ಮೊದಲೇ ಒಲೆ ಮೇಲಿನ ಫ್ಯಾನ್ ಹಾಕಿ. ಆದರೆ ಅದನ್ನೇ ನಂಬಬೇಡಿ. ಎಷ್ಟೋ ಕಡೆ ಒಲೆ ಮೇಲಿರುವುದು ಮೈಕ್ರೋವೇವ್. ಅದರ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಅದರ ಮೇಲ್ಭಾಗದ ಜಾಲರಿ ಹತ್ತಿರ ಕೈ ಇಟ್ಟು ನೋಡಿ. ಗಾಳಿ ಕೈಗೆ ಬಡಿದರೆ ನಿಮ್ಮದೂ ಅಂಥದ್ದೇ. ಆಗ ಕಿಟಕಿ ತೆಗೆಯಿರಿ. ಮುಂಬಾಗಿಲು ಮಾತ್ರ ಬೇಡ! ಹೊಗೆ ಕಾರಿಡಾರಿಗೆ ಹೋದರೆ ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡು, ನಿಮ್ಮ ಸಾರಿಗಾಗಿ ಅಕ್ಕಪಕ್ಕದವರೆಲ್ಲ ಚಳಿಯಲ್ಲಿ ಕೆಳಗಿಳಿಯಬೇಕಾಗುತ್ತದೆ. ಹೊಗೆ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅಲಾರಂ ಮೇಲಿನ ಬಟನ್ ಒತ್ತಿ. ಹೆಚ್ಚಿನವು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ.

ಆಗಾಗ ಒಂದೊಂದೇ ಸಲ ಕೀಕ್ ಅಂದರೆ ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿದೆ ಅಂತ. ಬಾಡಿಗೆ ಮನೆಯಾದರೆ ಮೇಂಟೆನೆನ್ಸ್‌ನವರಿಗೆ ಹೇಳಿ. ಹಿಂಭಾಗದಲ್ಲಿ ತಯಾರಾದ ತಾರೀಖು ಇರುತ್ತದೆ, 10 ವರ್ಷ ದಾಟಿದ್ದರೆ ಅಲಾರಂ ಬದಲಿಸಬೇಕು.

ಬೋಂಡಾ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಬಾಣಲೆ ಎತ್ತಿಕೊಂಡು ಓಡಬೇಡಿ. ತಟ್ಟೆಯೋ ಮುಚ್ಚಳವೋ ಮುಚ್ಚಿ, ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಎಲೆಕ್ಟ್ರಿಕ್ ಒಲೆ ಆಫ್ ಮಾಡಿದ ಮೇಲೂ ತುಂಬಾ ಹೊತ್ತು ಸುಡುತ್ತಿರುತ್ತದೆ. ಅದರ ಮೇಲೆ ಪೇಪರ್ ಟವೆಲ್, ದೋಸೆ ಹಿಟ್ಟಿನ ಪ್ಲಾಸ್ಟಿಕ್ ಡಬ್ಬಿ ಇಡುವವರು ನಮ್ಮಲ್ಲಿ ಜಾಸ್ತಿ.

ದೇವರನ್ನು ಕ್ಲೋಸೆಟ್ಟಿನಲ್ಲಿ, ಅಂದರೆ ಬಟ್ಟೆ ಇಡುವ ಗೋಡೆ ಕಪಾಟಿನಲ್ಲಿ, ಇಟ್ಟಿದ್ದೀರಾ? ದೀಪದ ಮೇಲೆ ಏನಿದೆ ಒಮ್ಮೆ ನೋಡಿ. ಮರದ ಶೆಲ್ಫು, ಪಕ್ಕದಲ್ಲಿ ನೇತಾಡುವ ಸೀರೆ, ಅಲ್ವಾ? ದೀಪ ಹಚ್ಚಿಟ್ಟು ಆಫೀಸಿಗೆ ಹೋಗುವುದು ಬೇಡವೇ ಬೇಡ. ಬ್ಯಾಟರಿ ದೀಪಕ್ಕೆ ದೇವರೇನೂ ಮುನಿಸಿಕೊಳ್ಳುವುದಿಲ್ಲ ಅಂತ ನನ್ನ ನಂಬಿಕೆ. ಮನೆಯೊಳಗೆ ಬೆಂಕಿ ಹಚ್ಚುವಂತಿಲ್ಲ ಅಂತ ಕೆಲವು ಲೀಸ್‌ಗಳಲ್ಲೇ (ಬಾಡಿಗೆ ಕರಾರು) ಬರೆದಿರುತ್ತದೆ, ಓದಿಕೊಳ್ಳಿ.

ಚಳಿಗಾಲಕ್ಕೆ ಇನ್ನೊಂದು ಮಾತು. ಪೆಟ್ರೋಲು, ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಅದಕ್ಕೆ ಬೇರೆ ಅಲಾರಂ ಬೇಕು. ಗ್ಯಾರೇಜಿನಲ್ಲಿ ಕಾರು ಬಿಸಿ ಮಾಡಬೇಡಿ, ಕರೆಂಟ್ ಹೋಯಿತು ಅಂತ ಇದ್ದಿಲ ಗ್ರಿಲ್ಲನ್ನು ಒಳಗೆ ತರಬೇಡಿ.

ಊರಿಂದ ಅಪ್ಪ ಅಮ್ಮ ಬಂದರೆ ಹಗಲೆಲ್ಲ ಅವರಿಬ್ಬರೇ ಇರುತ್ತಾರೆ. ಮನೆ ವಿಳಾಸ, ಅಪಾರ್ಟ್‌ಮೆಂಟ್ ನಂಬರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದಾಗ ಮೊದಲು ವಿಳಾಸ, ಆಮೇಲೆ "ಫೈರ್" ಅಂದರೂ ಸಾಕು. ಆದರೆ ಮೊದಲು ಹೊರಗೆ ಬರಬೇಕು, ಫೋನ್ ಆಮೇಲೆ. ಲಿಫ್ಟ್ ಹತ್ತಬಾರದು. ಪಾಸ್‌ಪೋರ್ಟಿಗೆ, ಬಂಗಾರಕ್ಕೆ ಅಂತ ಒಳಗೆ ವಾಪಸ್ ಹೋಗಬಾರದು. ಕೆಳಗೆ ಎಲ್ಲಿ ಸೇರಬೇಕು, ಮೇಲ್‌ಬಾಕ್ಸ್ ಹತ್ತಿರವೋ ಪಾರ್ಕಿಂಗಿನ ಆ ತುದಿಯೋ, ಬಾಯಲ್ಲಿ ಹೇಳಿದರೆ ಸಾಲದು. ಒಂದು ಸಂಜೆ ವಾಕಿಂಗ್ ಹೊರಟಾಗ ಮೆಟ್ಟಿಲಲ್ಲೇ ಇಳಿಸಿಕೊಂಡು ಹೋಗಿ ಜಾಗ ತೋರಿಸಿ.